ನಿರ್ಣಯ ಮತ್ತು ವಿವೇಚನೆ: ಮನುಷ್ಯ, ಇತರ ಪ್ರಾಣಿಗಳು ಮತ್ತು ಕೋಲಾರದ ಚಿನ್ನದ ಗಣಿ ಸೀಮೆ

ಎದುರಿಗಿರುವ ಹಲವು ದಾರಿಗಳಲ್ಲಿ ಒಂದನ್ನು ಹಿಡಿಯುವುದೇ ನಿರ್ಣಯ. ಹಿಡಿದ ದಾರಿ ತನ್ನ ಗುರಿಗೆ, ಕೈಯಲ್ಲಿರುವ ಮಾಹಿತಿಗೆ, ತೆರಬೇಕಾದ ಬೆಲೆಗೆ ಹೊಂದುವಂತಿದ್ದರೆ ಅದನ್ನು ವಿವೇಚನೆಯ ನಿರ್ಣಯ ಎನ್ನುತ್ತಾರೆ. ವಿವೇಚನೆ ಮನುಷ್ಯನೊಬ್ಬನ ಸೊತ್ತು, ಉಳಿದ ಪ್ರಾಣಿಗಳು ಹುಟ್ಟುಗುಣ ಎಳೆದತ್ತ ಹೋಗುತ್ತವೆ ಎಂಬ ನಂಬಿಕೆ ಬಹಳ ಹಳೆಯದು. ಕಳೆದ ಅರ್ಧ ಶತಮಾನದಲ್ಲಿ ಪ್ರಾಣಿವರ್ತನೆ, ಮನೋವಿಜ್ಞಾನ ಮತ್ತು ಅರ್ಥಶಾಸ್ತ್ರದ ಸಂಶೋಧನೆಗಳು ಈ ನಂಬಿಕೆಯನ್ನು ಎರಡು ಬದಿಯಿಂದಲೂ ಸಡಿಲಿಸಿವೆ. ಹಕ್ಕಿ, ಜೇನು, ಆನೆಗಳು ಲಾಭ ನಷ್ಟ ತೂಗಿಯೇ ನಡೆಯುತ್ತವೆ ಎಂಬುದಕ್ಕೆ ಪುರಾವೆ ಸಿಕ್ಕಿದೆ. ಓದುಬರಹ ಬಲ್ಲ ಮನುಷ್ಯ ಪದೇ ಪದೇ ಒಂದೇ ಬಗೆಯ ತಪ್ಪು ಮಾಡುತ್ತಾನೆ ಎಂಬುದಕ್ಕೂ ಸಿಕ್ಕಿದೆ.

ಕೋಲಾರ ಜಿಲ್ಲೆಯ ಕೆಜಿಎಫ್ (ಕೋಲಾರ ಗೋಲ್ಡ್ ಫೀಲ್ಡ್ಸ್) ಮತ್ತು ಬಂಗಾರಪೇಟೆ ಸೀಮೆಯಲ್ಲಿ ಈ ವಿಷಯದ ಮುಖ್ಯ ಪ್ರಶ್ನೆಗಳೆಲ್ಲ ಒಂದೆಡೆ ಕಾಣಸಿಗುತ್ತವೆ. ನೆಲದೊಳಗೆ 3 ಕಿಲೋಮೀಟರಿಗೂ ಹೆಚ್ಚು ಆಳ ಇಳಿದ ಗಣಿ, ಅದನ್ನು ನಡೆಸಿದ ಮತ್ತು ನಿಲ್ಲಿಸಿದ ತೀರ್ಮಾನಗಳು, ಕಾಮಸಮುದ್ರ ಮತ್ತು ಬೂದಿಕೋಟೆ ಕಡೆಯ ಹೊಲಗಳಿಗೆ ಇಳಿಯುವ ಆನೆಗಳು, ಟೊಮ್ಯಾಟೊ ಬೆಲೆಯ ಏರಿಳಿತಕ್ಕೆ ಸಿಕ್ಕ ರೈತರು: ಇಲ್ಲಿ ಮನುಷ್ಯನ ಲೆಕ್ಕಾಚಾರವನ್ನೂ ಪ್ರಾಣಿಯ ಲೆಕ್ಕಾಚಾರವನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಬಹುದು.

ಅಳತೆಗೋಲುಗಳು

ಯಾರ ನಿರ್ಣಯ ಸರಿ ಎಂದು ಹೇಳುವ ಮೊದಲು ಯಾವ ಅಳತೆಗೋಲು ಎಂಬುದು ಗೊತ್ತಾಗಬೇಕು. ಆಕ್ಸ್‌ಫರ್ಡಿನ ಪ್ರಾಣಿವರ್ತನಾ ವಿಜ್ಞಾನಿ ಅಲೆಕ್ಸ್ ಕಾಸೆಲ್ನಿಕ್ 2006ರಲ್ಲಿ ಮೂರು ಅಳತೆಗೋಲುಗಳನ್ನು ಬೇರ್ಪಡಿಸಿ ತೋರಿಸಿದರು. ತತ್ತ್ವಶಾಸ್ತ್ರಜ್ಞರಿಗೂ ಮನೋವಿಜ್ಞಾನಿಗಳಿಗೂ ನಿರ್ಣಯದ ಹಿಂದೆ ಆಲೋಚನೆ ಇದೆಯೇ ಎಂಬುದು ಮುಖ್ಯ. ಫಲ ಕೆಟ್ಟರೂ ಕಾರಣ ಸರಿಯಿದ್ದರೆ ಅವರಿಗೆ ಅದು ವಿವೇಚನೆ. ಅರ್ಥಶಾಸ್ತ್ರಜ್ಞರಿಗೆ ಆಯ್ಕೆಗಳ ನಡುವಿನ ಹೊಂದಿಕೆ ಮುಖ್ಯ: ಮಾವಿಗಿಂತ ಹಲಸು, ಹಲಸಿಗಿಂತ ಬಾಳೆ ಇಷ್ಟ ಎನ್ನುವವರು ಮಾವಿಗಿಂತ ಬಾಳೆಯನ್ನೇ ಆರಿಸಬೇಕು. ಜೀವವಿಜ್ಞಾನಿಗಳಿಗೆ ಬದುಕಿ ಸಂತತಿ ಉಳಿಸುವುದಕ್ಕೆ ಆ ವರ್ತನೆ ನೆರವಾಯಿತೇ ಎಂಬುದಷ್ಟೇ ಲೆಕ್ಕ; ಅದರ ಹಿಂದೆ ಆಲೋಚನೆ ಇದ್ದರೂ ಇಲ್ಲದಿದ್ದರೂ ಒಂದೇ.

ಮನುಷ್ಯ ಮತ್ತು ಪ್ರಾಣಿಗಳ ಹೋಲಿಕೆಯಲ್ಲಿ ಗೊಂದಲ ಹುಟ್ಟುವುದು ಈ ಮೂರನ್ನೂ ಬೆರೆಸಿದಾಗ. ಮನುಷ್ಯನನ್ನು ಮೊದಲ ಅಳತೆಯಿಂದಲೂ ಪ್ರಾಣಿಯನ್ನು ಮೂರನೆಯದರಿಂದಲೂ ಅಳೆದು ಒಬ್ಬರನ್ನು ಮೇಲೆ, ಇನ್ನೊಬ್ಬರನ್ನು ಕೆಳಗೆ ಇಡುವುದು ನ್ಯಾಯವಲ್ಲ.

ವಿಚಾರದ ಇತಿಹಾಸ

ಗ್ರೀಸಿನ ಅರಿಸ್ಟಾಟಲ್ ವಿಚಾರಶಕ್ತಿಯನ್ನು ಮನುಷ್ಯನ ವಿಶೇಷ ಲಕ್ಷಣವೆಂದ. 17ನೆಯ ಶತಮಾನದಲ್ಲಿ ಡೆಕಾರ್ಟ್ ಪ್ರಾಣಿಗಳನ್ನು ಯಂತ್ರಗಳ ಸಾಲಿಗೆ ಸೇರಿಸಿದ. 18ನೆಯ ಶತಮಾನದಲ್ಲಿ ಡೇವಿಡ್ ಹ್ಯೂಮ್ ಇದನ್ನು ಒಪ್ಪಲಿಲ್ಲ. ಅನುಭವದಿಂದ ಕಲಿತು ಮುಂದಿನದನ್ನು ಊಹಿಸುವ ಶಕ್ತಿ ಪ್ರಾಣಿಗಳಿಗೂ ಇದೆ ಎಂದು ವಾದಿಸಿದ. 1871ರಲ್ಲಿ ಚಾರ್ಲ್ಸ್ ಡಾರ್ವಿನ್ ಮನುಷ್ಯ ಮತ್ತು ಮೇಲ್ಮಟ್ಟದ ಪ್ರಾಣಿಗಳ ಮನಸ್ಸಿನ ನಡುವಿನ ಅಂತರ ಹೆಚ್ಚುಕಡಿಮೆಯದೇ ಹೊರತು ಜಾತಿಯದಲ್ಲ ಎಂಬ ನಿಲುವಿಗೆ ಬಂದ.

ಭಾರತದಲ್ಲೂ ಈ ಹೋಲಿಕೆ ಹಳೆಯದು. ಶಂಕರಾಚಾರ್ಯರು ಬ್ರಹ್ಮಸೂತ್ರ ಭಾಷ್ಯದ ಪೀಠಿಕೆಯಲ್ಲಿ, ಲೋಕವ್ಯವಹಾರದ ಮಟ್ಟಿಗೆ ಪಂಡಿತನಿಗೂ ಪಶುವಿಗೂ ಭೇದವಿಲ್ಲ ಎನ್ನುತ್ತಾರೆ. ಕೋಲೆತ್ತಿದವನನ್ನು ಕಂಡ ಹಸು ಹಿಂದೆ ಸರಿಯುತ್ತದೆ, ಹಸಿರು ಹುಲ್ಲು ಹಿಡಿದವನ ಕಡೆಗೆ ನಡೆಯುತ್ತದೆ. ಕತ್ತಿ ಹಿಡಿದು ಗದರುವವನನ್ನು ಕಂಡ ಮನುಷ್ಯನೂ ಹಾಗೆಯೇ ಸರಿಯುತ್ತಾನೆ ಎಂಬುದು ಅವರು ಕೊಡುವ ನಿದರ್ಶನ. ಅವರ ಉದ್ದೇಶ ವೇದಾಂತದ್ದಾದರೂ ನೋಟ ಸೂಕ್ಷ್ಮವಾದದ್ದು. ಕನ್ನಡದಲ್ಲಿ 11ನೆಯ ಶತಮಾನದ ದುರ್ಗಸಿಂಹ ಪಂಚತಂತ್ರವನ್ನು ಚಂಪೂ ರೂಪದಲ್ಲಿ ಬರೆದಾಗ ಸಿಂಹ, ಎತ್ತು, ನರಿಗಳ ಬಾಯಲ್ಲಿ ರಾಜನೀತಿಯ ಚರ್ಚೆಯನ್ನೇ ಇಟ್ಟ. ಪ್ರಾಣಿಗಳು ಆಲೋಚಿಸುತ್ತವೆ ಎಂಬುದು ಅಲ್ಲಿ ಕತೆಯ ಕಟ್ಟುಪಾಡು ನಿಜ. ಆದರೂ ಸ್ನೇಹ, ಸಂಶಯ, ಆತುರ, ಮೋಸಗಳು ತೀರ್ಮಾನವನ್ನು ಹೇಗೆ ಕೆಡಿಸುತ್ತವೆ ಎಂಬ ವಿಶ್ಲೇಷಣೆ ಆ ಕೃತಿಯ ಜೀವಾಳ.

20ನೆಯ ಶತಮಾನದ ನಡುವಿನಲ್ಲಿ ಹರ್ಬರ್ಟ್ ಸೈಮನ್ ಪರಿಮಿತ ವಿವೇಚನೆಯ ಕಲ್ಪನೆಯನ್ನು ಮುಂದಿಟ್ಟರು. ಸಮಯ, ಮಾಹಿತಿ, ನೆನಪು ಎಲ್ಲಕ್ಕೂ ಮಿತಿ ಇರುವಾಗ ಮನುಷ್ಯ ಅತ್ಯುತ್ತಮವಾದದ್ದನ್ನು ಹುಡುಕುತ್ತ ಕೂರುವುದಿಲ್ಲ. ಸಾಕು ಎನಿಸುವಂಥದ್ದು ಸಿಕ್ಕಿದೊಡನೆ ನಿಲ್ಲುತ್ತಾನೆ. ಸೈಮನ್‌ಗೆ 1978ರಲ್ಲಿ ನೊಬೆಲ್ ಬಂತು. ಡೇನಿಯಲ್ ಕಾನೆಮನ್ ಮತ್ತು ಅಮೋಸ್ ಟ್ವೆರ್ಸ್ಕಿ 1970ರ ದಶಕದಲ್ಲಿ ಮನುಷ್ಯ ಎಲ್ಲೆಲ್ಲಿ, ಯಾವ ದಿಕ್ಕಿಗೆ ಜಾರುತ್ತಾನೆ ಎಂಬುದನ್ನು ಪ್ರಯೋಗಗಳಿಂದ ಗುರುತಿಸಿದರು. ಗಳಿಸಿದ ನೂರು ರೂಪಾಯಿಯ ಸಂತೋಷಕ್ಕಿಂತ ಕಳೆದುಕೊಂಡ ನೂರು ರೂಪಾಯಿಯ ಸಂಕಟ ದೊಡ್ಡದು ಎಂಬುದು ಅವರ ಮುಖ್ಯ ಕಾಣ್ಕೆಗಳಲ್ಲೊಂದು. ಕಾನೆಮನ್ 2002ರಲ್ಲಿ ನೊಬೆಲ್ ಪಡೆದರು. ಟ್ವೆರ್ಸ್ಕಿ ಅಷ್ಟರಲ್ಲಿ ತೀರಿಕೊಂಡಿದ್ದರು.

ಪ್ರಾಣಿಗಳ ಆಯ್ಕೆ

1980ರಲ್ಲಿ ಥಾಮಸ್ ಕರಾಕೊ ಮತ್ತು ಸಂಗಡಿಗರು ಜಂಕೊ ಎಂಬ ಅಮೆರಿಕದ ಪುಟ್ಟ ಹಕ್ಕಿಗೆ ಎರಡು ಆಯ್ಕೆ ಕೊಟ್ಟರು. ಒಂದು ಕಡೆ ಪ್ರತಿ ಸಲವೂ ಅಷ್ಟೇ ಕಾಳು. ಇನ್ನೊಂದು ಕಡೆ ಕೆಲವೊಮ್ಮೆ ಏನೂ ಇಲ್ಲ, ಕೆಲವೊಮ್ಮೆ ಎರಡರಷ್ಟು. ಸರಾಸರಿ ಎರಡರಲ್ಲೂ ಒಂದೇ. ದಿನದ ಖರ್ಚಿಗೆ ಸಾಕಾಗುವಷ್ಟು ಸಿಗುತ್ತಿದ್ದಾಗ ಹಕ್ಕಿ ಖಚಿತವಾದ ಕಡೆಗೆ ಹೋಯಿತು. ಸಿಗುವುದು ಸಾಲದಾದಾಗ ಜೂಜಿನ ಕಡೆಗೆ ಹೋಯಿತು. ಖಚಿತವಾಗಿ ಸಿಗುವುದು ಜೀವ ಉಳಿಸಲು ಸಾಲದು ಎಂದಾದ ಮೇಲೆ ಜೂಜೇ ಸರಿಯಾದ ದಾರಿ.

ಗುಂಪಾಗಿ ತೀರ್ಮಾನಿಸುವುದರಲ್ಲಿ ಜೇನಿನ ಉದಾಹರಣೆ ಹೆಸರಾದದ್ದು. ಗೂಡು ಬಿಟ್ಟ ಯೂರೋಪಿನ ಜೇನುಪಡೆ ಹೊಸ ಜಾಗ ಹುಡುಕುವ ಬಗೆಯನ್ನು ಮಾರ್ಟಿನ್ ಲಿಂಡಾವರ್, ಅನಂತರ ಥಾಮಸ್ ಸೀಲಿ ಅಭ್ಯಸಿಸಿದರು. ಬೇಹಿನ ಹುಳುಗಳು ಬೇರೆ ಬೇರೆ ಪೊಟರೆ ನೋಡಿ ಬಂದು ಕುಣಿತದ ಮೂಲಕ ಸುದ್ದಿ ಹೇಳುತ್ತವೆ. ಜಾಗ ಒಳ್ಳೆಯದಾದಷ್ಟೂ ಕುಣಿತ ಹೆಚ್ಚು. ಕೇಳಿದವು ತಾವೇ ಹೋಗಿ ನೋಡುತ್ತವೆ. ಬರೀ ಮಾತನ್ನು ನಂಬುವುದಿಲ್ಲ. ಒಂದು ಜಾಗದಲ್ಲಿ ಸಾಕಷ್ಟು ಹುಳುಗಳು ಕೂಡಿದಾಗ ಪಡೆ ಅಲ್ಲಿಗೆ ಹೊರಡುತ್ತದೆ. ರಾಣಿ ಇಲ್ಲಿ ಏನನ್ನೂ ಆಜ್ಞಾಪಿಸುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗಕರ್ ದಶಕಗಳ ಕಾಲ ಅಭ್ಯಸಿಸಿದ ರೋಪಾಲಿಡಿಯಾ ಮಾರ್ಜಿನೇಟಾ ಎಂಬ ಕಣಜಗಳಲ್ಲೂ ಇಂಥದೇ ಅಚ್ಚರಿ ಇದೆ. ರಾಣಿಯನ್ನು ತೆಗೆದರೆ ಮುಂದಿನ ರಾಣಿ ಯಾವುದೆಂದು ಸಂಶೋಧಕರು ಮುಂಚೆ ಹೇಳಲಾರರು. ಆದರೆ ಗೂಡಿನ ಕಣಜಗಳು ಜಗಳವಿಲ್ಲದೆ ಉತ್ತರಾಧಿಕಾರಿಯನ್ನು ಒಪ್ಪಿಕೊಳ್ಳುತ್ತವೆ.

ಪ್ರಾಣಿಗಳು ತಪ್ಪುವುದೇ ಇಲ್ಲ ಎಂದು ಇದರ ಅರ್ಥವಲ್ಲ. ಎರಡು ಬಗೆಯ ಮಕರಂದದ ಪಕ್ಕದಲ್ಲಿ ಕಳಪೆಯಾದ ಮೂರನೆಯದನ್ನಿಟ್ಟರೆ ಹಮಿಂಗ್‌ಬರ್ಡ್‌ನ ಆಯ್ಕೆ ಬದಲಾಗುತ್ತದೆ. ಅಂಗಡಿಯಲ್ಲಿ ಮನುಷ್ಯ ಬೀಳುವ ಬಲೆಯೂ ಇದೇ. 2006ರ ಒಂದು ಪ್ರಯೋಗದಲ್ಲಿ ಮಿಡತೆಗಳು ಹಸಿದಿದ್ದಾಗ ಸಿಕ್ಕ ಮೇವನ್ನು, ಹೊಟ್ಟೆ ತುಂಬಿದ್ದಾಗ ಸಿಕ್ಕ ಅಷ್ಟೇ ಒಳ್ಳೆಯ ಮೇವಿಗಿಂತ ಮೇಲೆಂದು ಆರಿಸಿಕೊಂಡವು. ಅದೇ ವರ್ಷ ಯೇಲ್ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ ಕಪುಚಿನ್ ಕೋತಿಗಳೂ ನಷ್ಟಕ್ಕೆ ಮನುಷ್ಯರಂತೆಯೇ ಹೆಚ್ಚು ಅಂಜಿದವು. ಕೆಲವು ತಪ್ಪುಗಳ ಬೇರು ಮನುಷ್ಯಕುಲಕ್ಕಿಂತ ಹಿಂದಿನದು ಎಂಬುದಕ್ಕೆ ಇವು ಸಾಕ್ಷಿ.

ಪ್ರಾಣಿಯೇ ಗೆದ್ದ ಸಂದರ್ಭಗಳೂ ಇವೆ. ಒಂದು ಆಟದಲ್ಲಿ ಮೂರು ಬಾಗಿಲುಗಳ ಪೈಕಿ ಒಂದರ ಹಿಂದೆ ಬಹುಮಾನ. ಒಂದನ್ನು ಆರಿಸಿದ ಮೇಲೆ ಉಳಿದೆರಡರಲ್ಲಿ ಖಾಲಿಯಾದದ್ದನ್ನು ತೆರೆದು ತೋರಿಸಿ, ಆಯ್ಕೆ ಬದಲಿಸುವಿರಾ ಎಂದು ಕೇಳುತ್ತಾರೆ. ಬದಲಿಸಿದರೆ ಗೆಲ್ಲುವ ಸಂಭವ ಮೂರರಲ್ಲಿ ಎರಡು. 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪಾರಿವಾಳಗಳು ಆಡುತ್ತ ಆಡುತ್ತ ಬದಲಿಸುವುದನ್ನು ಕಲಿತವು. ಅಷ್ಟೇ ಅಭ್ಯಾಸ ಸಿಕ್ಕ ವಿದ್ಯಾರ್ಥಿಗಳು ಆ ಮಟ್ಟ ಮುಟ್ಟಲಿಲ್ಲ. 2007ರ ಇನ್ನೊಂದು ಪ್ರಯೋಗದಲ್ಲಿ ಈಗಲೇ ಎರಡು ತುಣುಕು ತಿನಿಸು ಬೇಕೇ, ಎರಡು ನಿಮಿಷ ಕಾದು ಆರು ಬೇಕೇ ಎಂಬ ಆಯ್ಕೆಯಲ್ಲಿ ಚಿಂಪಾಂಜಿಗಳು ನೂರಕ್ಕೆ 72 ಸಲ ಕಾದವು. ಮನುಷ್ಯರು ಕಾದದ್ದು 19 ಸಲ. ತಿನಿಸಿನ ಬದಲು ಹಣವಾದಾಗ ಮನುಷ್ಯರ ತಾಳ್ಮೆ ಹೆಚ್ಚಿತು.

ಸಲಗದ ಲೆಕ್ಕ

ತಮಿಳುನಾಡಿನ ಹೊಸೂರು–ಕೃಷ್ಣಗಿರಿ ಕಾಡು, ಆಂಧ್ರದ ಕುಪ್ಪಂ ಕಡೆಯ ಕೌಂಡಿನ್ಯ ಅಭಯಾರಣ್ಯ ಮತ್ತು ಕೋಲಾರ ಜಿಲ್ಲೆಯ ಗಡಿ ಅರಣ್ಯಗಳು ಒಂದಕ್ಕೊಂದು ಹತ್ತಿರ. 1980ರ ದಶಕದಲ್ಲಿ ಆನೆಗಳು ಈ ಕಡೆಯಿಂದ ಹಾದು, ಬಹುಕಾಲದಿಂದ ಆನೆಯೇ ಇಲ್ಲದ ಚಿತ್ತೂರು ಸೀಮೆಗೆ ಹೋಗಿ ನೆಲೆಸಿದವು. ಅಂದಿನಿಂದ ಬಂಗಾರಪೇಟೆಯ ಗಡಿ ಹೋಬಳಿಗಳಲ್ಲಿ ರಾಗಿ, ಬಾಳೆ, ತರಕಾರಿ ತೋಟಗಳಿಗೆ ಆನೆ ಇಳಿಯುವುದು ವರ್ಷವರ್ಷದ ಕಷ್ಟವಾಗಿದೆ. ಬೆಳೆಯ ಜೊತೆಗೆ ಜೀವಗಳೂ ಹೋಗಿವೆ.

ಈ ದಾಳಿಗಳನ್ನು ಹಸಿವಿನ ಅಥವಾ ಹುಚ್ಚಿನ ಕೆಲಸ ಎಂದುಕೊಳ್ಳುವುದು ಸುಲಭ. ರಾಮನ್ ಸುಕುಮಾರ್ 1980ರ ದಶಕದ ಆರಂಭದಲ್ಲಿ ಬಿಳಿಗಿರಿರಂಗನ ಬೆಟ್ಟದ ಸುತ್ತಿನಲ್ಲಿ ನಡೆಸಿದ ಅಧ್ಯಯನ ಬೇರೆಯದನ್ನೇ ಹೇಳಿತು. ಹೆಣ್ಣಾನೆಗಳ ಹಿಂಡಿಗಿಂತ ಬೆಳೆದ ಗಂಡಾನೆ ಹಲವು ಪಟ್ಟು ಹೆಚ್ಚು ರಾತ್ರಿ ಹೊಲಕ್ಕೆ ನುಗ್ಗುತ್ತದೆ. ಕಾಡಿನ ಒಣಹುಲ್ಲಿಗಿಂತ ರಾಗಿ, ಭತ್ತಗಳಲ್ಲಿ ಪ್ರೋಟೀನ್, ಕ್ಯಾಲ್ಸಿಯಂ, ಸೋಡಿಯಂ ಹೆಚ್ಚು. ಗಂಡಿಗೆ ಮೈ ದೊಡ್ಡದಾದಷ್ಟೂ ಹೆಣ್ಣಿನ ಸಂಗ ಸಿಗುವ ಸಂಭವ ಹೆಚ್ಚು. ಗುಂಡು, ಪಟಾಕಿ, ಕರೆಂಟಿನ ಅಪಾಯ ಹೊತ್ತರೂ ಲಾಭ ದೊಡ್ಡದು. ಮರಿ ಸಾಕುವ ಹಿಂಡಿಗೆ ಅದೇ ಅಪಾಯ ದುಬಾರಿ. ಸುಕುಮಾರ್ ಮತ್ತು ಮಾಧವ ಗಾಡ್ಗೀಳ್ 1988ರಲ್ಲಿ ಇದನ್ನು ದೊಡ್ಡ ಲಾಭಕ್ಕಾಗಿ ದೊಡ್ಡ ಅಪಾಯ ಹೊರುವ ನಡೆ ಎಂದು ವಿವರಿಸಿದರು.

ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ನಿಶಾಂತ್ ಶ್ರೀನಿವಾಸಯ್ಯ, ಅನಿಂದ್ಯ ಸಿನ್ಹಾ ಮತ್ತು ಸಂಗಡಿಗರು 2019ರಲ್ಲಿ ಇನ್ನೊಂದು ಹೊಸ ವರ್ತನೆಯನ್ನು ದಾಖಲಿಸಿದರು. ದಕ್ಷಿಣ ಭಾರತದ ಕಾಡು ಮತ್ತು ಕೃಷಿ ಬೆರೆತ ಸೀಮೆಯಲ್ಲಿ 248 ಗಂಡಾನೆಗಳನ್ನು ಒಂದೊಂದಾಗಿ ಗುರುತಿಸಿ ನೋಡಿದಾಗ, ಕಾಡಿನಲ್ಲಿ ಒಂಟಿಯಾಗಿಯೋ ಹಿಂಡಿನ ಜೊತೆಗೋ ಇರಬೇಕಾದ ಹರೆಯದ ಸಲಗಗಳು ಬೆಳೆಯಿರುವ ಕಡೆ ಗಂಡುಗಳದ್ದೇ ಗುಂಪು ಕಟ್ಟಿಕೊಂಡು ದೀರ್ಘಕಾಲ ಒಟ್ಟಿಗಿರುವುದು ಕಂಡುಬಂತು. ಅಪಾಯದ ನೆಲದಲ್ಲಿ ಹಿರಿಯ ಸಲಗದ ಅನುಭವ ಕಿರಿಯವುಗಳ ರಕ್ಷಣೆ. ಒಂದೆರಡು ತಲೆಮಾರಿನೊಳಗೆ ಹುಟ್ಟಿಕೊಂಡ ಈ ಹೊಂದಾಣಿಕೆಯನ್ನು ಬರೀ ಹುಟ್ಟುಗುಣ ಎನ್ನಲಾಗದು.

ಸೋಲಾರ್ ಬೇಲಿಯ ಬಳಿ ಇದು ಕಣ್ಣಿಗೆ ಕಾಣುತ್ತದೆ. ತಂತಿ ಮುಟ್ಟಿ ಒಮ್ಮೆ ಏಟು ತಿಂದ ಸಲಗ ಮುಂದೆ ಸೊಂಡಿಲನ್ನು ದೂರವಿಟ್ಟು ಕರೆಂಟು ಹರಿಯದ ದಂತದಿಂದ ತಂತಿ ಎತ್ತುತ್ತದೆ, ಕಂಬವನ್ನು ಕಾಲಿನಿಂದ ಒತ್ತಿ ಬೀಳಿಸುತ್ತದೆ, ಇಲ್ಲವೇ ಪಕ್ಕದ ಮರವನ್ನು ಮುರಿದು ಬೇಲಿಯ ಮೇಲೆ ಕೆಡವಿ ದಾಟುತ್ತದೆ.

ಇತ್ತ ರೈತನ ಲೆಕ್ಕವೂ ಅಷ್ಟೇ ಗಟ್ಟಿಯಾದದ್ದು. ರಾಗಿ ಕೊಯ್ಲಿನ ಹೊತ್ತಿಗೆ ಅಟ್ಟಣೆ ಹತ್ತಿ ರಾತ್ರಿಯೆಲ್ಲ ಕಾಯುವುದು, ತಮಟೆ, ಪಟಾಕಿ, ಬೆಂಕಿ, ಎಲ್ಲವೂ ಅನುಭವದಿಂದ ಬಂದವು. ಆದರೆ ಒಬ್ಬ ತನ್ನ ಹೊಲಕ್ಕೆ ಬೇಲಿ ಹಾಕಿದರೆ ಆನೆ ಪಕ್ಕದವನ ಹೊಲಕ್ಕೆ ಹೋಗುತ್ತದೆ. ಅವನೂ ಹಾಕಿದರೆ ಬೇಲಿಯಿಲ್ಲದ ಬಡವನ ಹೊಲಕ್ಕೆ. ಒಬ್ಬೊಬ್ಬರ ವಿವೇಚನೆ ಸರಿಯಿದ್ದೂ ಊರಿನ ಒಟ್ಟು ಫಲ ಕೆಡುವುದು ಹೀಗೆ. ಸಂಕಟ ತಾಳದೆ ಯಾರೋ ಬೇಲಿಗೆ ಮನೆಯ ಕರೆಂಟನ್ನೇ ಕೊಟ್ಟರೆ ಆನೆಯೂ ಸಾಯುತ್ತದೆ, ಕತ್ತಲಲ್ಲಿ ನಡೆದು ಬಂದ ಮನುಷ್ಯನೂ ಸಾಯುತ್ತಾನೆ. ಊರೊಟ್ಟಾಗಿ ಕಾಯುವ ಬೇಲಿ, ಆನೆ ಬಂದ ಸುದ್ದಿ ಬೇಗ ಮುಟ್ಟಿಸುವ ಏರ್ಪಾಟು, ತಡವಿಲ್ಲದ ಪರಿಹಾರ, ಇವು ಒಬ್ಬನ ಬುದ್ಧಿಯಿಂದ ಆಗುವ ಕೆಲಸಗಳಲ್ಲ.

ಟೊಮ್ಯಾಟೊ ಮಂಡಿ

ಕೋಲಾರದ ಎಪಿಎಂಸಿ ಏಷ್ಯಾದ ಬಹುದೊಡ್ಡ ಟೊಮ್ಯಾಟೊ ಮಾರುಕಟ್ಟೆಗಳಲ್ಲೊಂದು; ಬಂಗಾರಪೇಟೆ ಕಡೆಯ ರೈತರ ಬದುಕೂ ಅಲ್ಲಿನ ಹರಾಜಿಗೆ ಕಟ್ಟಿಕೊಂಡಿದೆ. 2023ರ ಜುಲೈನಲ್ಲಿ 15 ಕಿಲೋ ಬಾಕ್ಸಿನ ಬೆಲೆ 2 ಸಾವಿರ ರೂಪಾಯಿ ದಾಟಿತ್ತು. ಇದೇ ಮಾರುಕಟ್ಟೆಯಲ್ಲಿ ಬಿಡಿಸಿದ ಕೂಲಿಯೂ ಹುಟ್ಟದೆ ರೈತರು ಹಣ್ಣನ್ನು ರಸ್ತೆಗೆ ಸುರಿದ ವರ್ಷಗಳೂ ಇವೆ. ಬೆಲೆ ಏರಿದಾಗ ಎಲ್ಲರೂ ಸಸಿ ನೆಡುತ್ತಾರೆ. ಎರಡು ಮೂರು ತಿಂಗಳಲ್ಲಿ ಎಲ್ಲರ ಬೆಳೆಯೂ ಒಟ್ಟಿಗೆ ಬಂದು ಬೆಲೆ ಬೀಳುತ್ತದೆ. ಬಿದ್ದಾಗ ಎಲ್ಲರೂ ಕೈಬಿಡುತ್ತಾರೆ. ಮತ್ತೆ ಬೆಲೆ ಏರುತ್ತದೆ. ಇಂದಿನ ಬೆಲೆ ನೋಡಿ ನಾಳೆಯ ಬೆಳೆ ಇಡುವುದರಿಂದ ಹುಟ್ಟುವ ಈ ಸುತ್ತನ್ನು ಮೊರ್ಡೆಕೈ ಎಜೆಕಿಯಲ್ 1938ರಲ್ಲಿ ಜೇಡರಬಲೆ ಸಿದ್ಧಾಂತವಾಗಿ ವಿವರಿಸಿದರು.

ಇದನ್ನು ರೈತನ ಅವಿವೇಕ ಎನ್ನುವುದು ಅನ್ಯಾಯ. ಪಕ್ಕದ ತಾಲ್ಲೂಕಿನಲ್ಲಿ ಎಷ್ಟು ಎಕರೆ ನೆಟ್ಟಿದ್ದಾರೆ, ಮಹಾರಾಷ್ಟ್ರದಲ್ಲಿ ಬೆಳೆ ಹೇಗಿದೆ ಎಂಬ ಮಾಹಿತಿ ಅವನಿಗೆ ಸಕಾಲಕ್ಕೆ ಸಿಗುವುದಿಲ್ಲ. ಸಾಲದಲ್ಲಿ ಮುಳುಗಿದವನಿಗೆ ರಾಗಿಯ ಖಚಿತ ಆದಾಯ ಸಾಲ ತೀರಿಸಲು ಸಾಲದು. ಟೊಮ್ಯಾಟೊ ಗೆದ್ದರೆ ತೀರುತ್ತದೆ. ಕರಾಕೊ ಅವರ ಹಸಿದ ಹಕ್ಕಿ ಹಿಡಿದ ದಾರಿಯನ್ನೇ ಅವನೂ ಹಿಡಿಯುತ್ತಾನೆ. ಜೂಜು ತಪ್ಪಬೇಕಾದರೆ ಬುದ್ಧಿವಾದ ಸಾಲದು, ಸಾಲದ ಹೊರೆ ಇಳಿಯಬೇಕು.

ಹಾಕಿದ ದುಡ್ಡಿನ ಮೋಹ

ಆಗಲೇ ಖರ್ಚಾದದ್ದು ಮರಳಿ ಬರುವುದಿಲ್ಲ. ಆದ್ದರಿಂದ ಮುಂದಿನ ತೀರ್ಮಾನದಲ್ಲಿ ಅದನ್ನು ಎಣಿಸಬಾರದು ಎಂಬುದು ಅರ್ಥಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಮನುಷ್ಯರು ಎಣಿಸುತ್ತಾರೆ. ಹಾಲ್ ಆರ್ಕ್ಸ್ ಮತ್ತು ಕ್ಯಾಥರಿನ್ ಬ್ಲೂಮರ್ 1985ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ನಾಟಕಗಳ ಸೀಸನ್ ಟಿಕೆಟ್ಟಿಗೆ ಪೂರ್ತಿ ಹಣ ಕೊಟ್ಟವರು ರಿಯಾಯಿತಿ ಪಡೆದವರಿಗಿಂತ ಸೀಸನ್ನಿನ ಮೊದಲರ್ಧದಲ್ಲಿ ಹೆಚ್ಚು ನಾಟಕಗಳಿಗೆ ಹೋದರು. ನಷ್ಟವೆಂದು ಗೊತ್ತಿದ್ದೂ ಮುಂದುವರಿದ ಕಾಂಕಾರ್ಡ್ ವಿಮಾನ ಯೋಜನೆಯ ಹೆಸರನ್ನು ಜೀವವಿಜ್ಞಾನಿಗಳು ಈ ದೋಷಕ್ಕೆ ಇಟ್ಟಿದ್ದಾರೆ. 1980ರಲ್ಲಿ ರಿಚರ್ಡ್ ಡಾಕಿನ್ಸ್ ಮತ್ತು ಜೇನ್ ಬ್ರಾಕ್‌ಮನ್ ನೆಲ ತೋಡುವ ಕಣಜಗಳಲ್ಲಿ ಇದನ್ನು ಹುಡುಕಿದರು. ಬಿಲಕ್ಕಾಗಿ ಎರಡು ಕಣಜ ಕಾದಾಡುವಾಗ, ಬಿಲದಲ್ಲಿ ಒಟ್ಟು ಎಷ್ಟು ಬೇಟೆ ಇದೆ ಎಂಬುದಕ್ಕಿಂತ ತಾನೆಷ್ಟು ತಂದು ಹಾಕಿದ್ದೆ ಎಂಬುದಕ್ಕೆ ತಕ್ಕಷ್ಟು ಹೊತ್ತು ಪ್ರತಿಯೊಂದೂ ಹೋರಾಡಿತು. 1999ರಲ್ಲಿ ಆರ್ಕ್ಸ್ ಮತ್ತು ಪೀಟರ್ ಏಟನ್, ಪ್ರಾಣಿಗಳಲ್ಲೂ ಚಿಕ್ಕ ಮಕ್ಕಳಲ್ಲೂ ಈ ದೋಷಕ್ಕೆ ಗಟ್ಟಿ ಪುರಾವೆ ಇಲ್ಲ, ಯಾವುದನ್ನೂ ಹಾಳುಮಾಡಬಾರದು ಎಂದು ಕಲಿತ ದೊಡ್ಡವರೇ ಆ ನಿಯಮವನ್ನು ಸಲ್ಲದ ಕಡೆಗೂ ಎಳೆಯುತ್ತಾರೆ ಎಂದು ವಾದಿಸಿದರು. 2018ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು ಇಲಿ, ಹೆಗ್ಗಣ, ಮನುಷ್ಯ ಮೂವರಲ್ಲೂ ಕಾದ ಸಮಯ ಹೆಚ್ಚಿದಷ್ಟೂ ಬಿಟ್ಟು ಹೋಗುವುದು ಕಡಿಮೆಯಾಗುತ್ತದೆ ಎಂದು ತೋರಿಸಿದ್ದರಿಂದ ಚರ್ಚೆ ಮತ್ತೆ ತೆರೆದುಕೊಂಡಿದೆ.

ಕೋಲಾರದ ಗಣಿಯ ಇತಿಹಾಸವನ್ನು ಈ ಚರ್ಚೆಯ ಪಕ್ಕದಲ್ಲಿಟ್ಟರೆ ಎರಡೂ ಸ್ಪಷ್ಟವಾಗುತ್ತವೆ. 1802ರಲ್ಲಿ ಮೈಸೂರು ಗಡಿಯ ಸರ್ವೆಗೆ ಬಂದಿದ್ದ ಲೆಫ್ಟಿನೆಂಟ್ ಜಾನ್ ವಾರನ್ ಇಲ್ಲಿ ಮಣ್ಣಿನಲ್ಲಿ ಚಿನ್ನವಿದೆ ಎಂಬ ಮಾತು ಕೇಳಿ, ತೋರಿಸಿದವರಿಗೆ ಬಹುಮಾನ ಕೊಡುತ್ತೇನೆಂದ. ಊರಿಗಾಮಿನ ಜನ ಎತ್ತಿನ ಗಾಡಿಯಲ್ಲಿ ಮಣ್ಣು ತಂದು, ಅವನೆದುರಿಗೇ ತೊಳೆದು, ತಳದಲ್ಲಿ ಉಳಿದ ಚಿನ್ನದ ಪುಡಿ ತೋರಿಸಿದರು. ಈ ವರದಿಯನ್ನು ದಶಕಗಳ ಅನಂತರ ಓದಿದ ಮೈಕೆಲ್ ಲ್ಯಾವೆಲ್ ಎಂಬ ನಿವೃತ್ತ ಸೈನಿಕ ಮೈಸೂರು ಸರ್ಕಾರದಿಂದ 1875ರಲ್ಲಿ ಗಣಿಗಾರಿಕೆಯ ಹಕ್ಕು ಪಡೆದ. 1880ರಲ್ಲಿ ಜಾನ್ ಟೇಲರ್ ಆ್ಯಂಡ್ ಸನ್ಸ್ ಕಂಪನಿ ಬಂತು.

ಮೊದಲ ವರ್ಷಗಳು ನಿರಾಶೆಯವು. 1880ರ ದಶಕದ ನಡುವೆ ಗಣಿ ತೋಡುತ್ತಿದ್ದ ಮೈಸೂರು ಕಂಪನಿಯ ಬಂಡವಾಳ ಬಹುಪಾಲು ಕರಗಿ, ಷೇರುದಾರರು ಕೈತೊಳೆದುಕೊಳ್ಳುವ ಹಂತ ಮುಟ್ಟಿದ್ದರು. ಟೇಲರ್ ಅವರ ಒತ್ತಾಯಕ್ಕೆ ಉಳಿದ ಹಣವನ್ನೂ ತೊಡಗಿಸಿದರು. ಗಣಿಯ ಮೇಲ್ವಿಚಾರಕ ಕ್ಯಾಪ್ಟನ್ ಪ್ಲಮ್ಮರ್ ಹಿಂದಿನ ಕಾಲದವರು ತೋಡಿ ಬಿಟ್ಟಿದ್ದ ಹಳೆಯ ಗುಂಡಿಗಳ ಜಾಡು ಹಿಡಿದು ಕೆಳಗಿಳಿದಾಗ ಚಾಂಪಿಯನ್ ಲೋಡ್ ಸಿಕ್ಕಿತು. ಮುಂದಿನ ಒಂದು ಶತಮಾನಕ್ಕೂ ಹೆಚ್ಚು ಕಾಲ ಗಣಿಯನ್ನು ಸಾಕಿದ್ದು ಆ ಚಿನ್ನದ ಸಿರೆ. ಹೊರಗಿನಿಂದ ನೋಡಿದರೆ ಇದು ಹಾಕಿದ ದುಡ್ಡಿನ ಮೋಹದಂತೆಯೇ ಕಾಣುತ್ತದೆ. ಆದರೆ ಮುಂದುವರಿಯಲು ಅಲ್ಲೊಂದು ಹೊಸ ಸುಳಿವಿತ್ತು: ಯಂತ್ರವಿಲ್ಲದ ಕಾಲದ ಜನ ಅಷ್ಟು ಆಳ ತೋಡಿದ್ದಾರೆಂದರೆ ಏನೋ ಸಿಕ್ಕಿರಲೇಬೇಕು. ಹಠಕ್ಕೂ ವಿವೇಚನೆಗೂ ನಡುವಿನ ಗೆರೆ ಇಲ್ಲಿದೆ. ಹಿಂದೆ ಸುರಿದದ್ದಕ್ಕಾಗಿ ಮುಂದುವರಿಯುವುದು ಮೋಹ. ಮುಂದೆ ಸಿಗಬಹುದಾದದ್ದಕ್ಕೆ ಪುರಾವೆಯಿದ್ದು ಮುಂದುವರಿಯುವುದು ವಿವೇಚನೆ.

1894ರ ಹೊತ್ತಿಗೆ ಆಗಿನ ಬೌರಿಂಗ್‌ಪೇಟೆ, ಇಂದಿನ ಬಂಗಾರಪೇಟೆಯಿಂದ ಗಣಿಗೆ ರೈಲು ಬಂತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. ಆಳ ಹೆಚ್ಚಿದಂತೆ ಬಂಡೆಯ ಶಾಖ ಹೆಚ್ಚಿತು, ಬಂಡೆ ಸಿಡಿದು ಕಾರ್ಮಿಕರು ಸಾಯುವುದು ಹೆಚ್ಚಿತು. ಆರಂಭದಲ್ಲಿ ಟನ್ ಅದಿರಿಗೆ 40 ಗ್ರಾಂಗೂ ಹೆಚ್ಚು ಕೊಟ್ಟ ಗಣಿ ಕೊನೆಯ ವರ್ಷಗಳಲ್ಲಿ 3 ಗ್ರಾಂ ಆಸುಪಾಸಿಗೆ ಇಳಿಯಿತು. 1956ರಲ್ಲಿ ಮೈಸೂರು ರಾಜ್ಯದ, 1962ರಲ್ಲಿ ಕೇಂದ್ರದ ಕೈಗೆ ಬಂದು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಆಯಿತು. ನಷ್ಟದಲ್ಲೇ ನಡೆದು 2001ರ ಫೆಬ್ರವರಿ 28ರಂದು ಮುಚ್ಚಿತು.

ನಷ್ಟದಲ್ಲಿದ್ದ ಗಣಿಯನ್ನು ಅಷ್ಟು ವರ್ಷ ನಡೆಸಿದ್ದು ಅವಿವೇಕವೇ? ಟನ್ನಿಗೆ ಎಷ್ಟು ಗ್ರಾಂ ಎಂಬುದೊಂದೇ ಅಳತೆಯಾದರೆ ಹೌದು. ಗಣಿ ಬಿಟ್ಟರೆ ಬೇರೆ ಕಸುಬಿಲ್ಲದ ಒಂದಿಡೀ ಊರಿನ ಅನ್ನ, ಆಸ್ಪತ್ರೆ, ಶಾಲೆಗಳನ್ನು ಲೆಕ್ಕಕ್ಕೆ ಹಿಡಿದರೆ ಉತ್ತರ ಅಷ್ಟು ಸುಲಭವಲ್ಲ. ಪಂಪುಗಳು ನಿಂತು ಸುರಂಗಗಳಲ್ಲಿ ನೀರು ತುಂಬಿದ ಮೇಲೆ ಮತ್ತೆ ತೆರೆಯುವುದು ಮೊದಲಿಗಿಂತ ಬಹಳ ದುಬಾರಿ. ಮರಳಿ ಬದಲಿಸಲಾಗದ ತೀರ್ಮಾನಕ್ಕೆ ಹೆಚ್ಚಿನ ಎಚ್ಚರ ಬೇಕು. ಗಣಿ ಮುಚ್ಚಿದ ಮೇಲೆ ಸಾವಿರಾರು ಜನ ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ರೈಲು ಹತ್ತಿ ಬಂಗಾರಪೇಟೆ ಮೂಲಕ ದಿನವೂ ಬೆಂಗಳೂರಿಗೆ ದುಡಿಯಲು ಹೋಗಿ ಬರುತ್ತಾರೆ. ಊರು ಬಿಡದ ಇವರನ್ನು ಹಳೆಯದಕ್ಕೆ ಅಂಟಿಕೊಂಡವರು ಎನ್ನುವುದು ಆತುರದ ಮಾತು. ಬೆಂಗಳೂರಿನ ಬಾಡಿಗೆ, ಕೆಜಿಎಫ್‌ನ ಗಣಿ ಕಾರ್ಮಿಕರ ಲೈನ್ ಮನೆ, ಕಷ್ಟಕ್ಕೆ ಓಡಿಬರುವ ನೆಂಟರು, ನೆರೆಹೊರೆ ಎಲ್ಲವನ್ನೂ ತೂಗಿ ನೋಡಿದವರಿಗೆ ರೈಲಿನ ಪಾಸೇ ಸರಿಯಾದ ಲೆಕ್ಕ.

ಮಾನ ಮತ್ತು ನ್ಯಾಯ

ಹಂಚಿಕೆಯ ಆಟವೊಂದನ್ನು ಅರ್ಥಶಾಸ್ತ್ರಜ್ಞರು 1982ರಿಂದ ಆಡಿಸುತ್ತ ಬಂದಿದ್ದಾರೆ. ಒಬ್ಬನಿಗೆ ಹಣ ಕೊಟ್ಟು ಪಾಲು ಮಾಡಲು ಹೇಳುತ್ತಾರೆ. ಇನ್ನೊಬ್ಬ ಒಪ್ಪಿದರೆ ಇಬ್ಬರಿಗೂ ಪಾಲು, ತಿರಸ್ಕರಿಸಿದರೆ ಇಬ್ಬರಿಗೂ ಇಲ್ಲ. ಬರೀ ಲಾಭ ನೋಡುವವನು ಎಷ್ಟು ಕೊಟ್ಟರೂ ಒಪ್ಪಬೇಕು. ಮನುಷ್ಯರು ತೀರಾ ಕಡಿಮೆ ಪಾಲನ್ನು ಮುಖಕ್ಕೆಸೆದು ತಾವೂ ಕಳೆದುಕೊಳ್ಳುತ್ತಾರೆ. 2007ರಲ್ಲಿ ಲೈಪ್‌ಜಿಗ್‌ನ ಪ್ರಯೋಗದಲ್ಲಿ ಚಿಂಪಾಂಜಿಗಳು ಸೊನ್ನೆಯಲ್ಲದ ಯಾವ ಪಾಲನ್ನೂ ಸಾಮಾನ್ಯವಾಗಿ ಒಪ್ಪಿಕೊಂಡವು. ಪಠ್ಯಪುಸ್ತಕದ ಅರ್ಥದಲ್ಲಿ ಅವೇ ಹೆಚ್ಚು ವಿವೇಚನಾಶೀಲ.

ಇಂಥದೇ ತಿರಸ್ಕಾರ ಗಣಿಯಲ್ಲೂ ಕಂಡಿತು: 1930ರಲ್ಲಿ ಕೆಜಿಎಫ್ ಕಾರ್ಮಿಕರು ಬೆರಳಚ್ಚು ಒತ್ತಿಸಿ ನೋಂದಾಯಿಸುವ ಆಜ್ಞೆಯ ವಿರುದ್ಧ ವಾರಗಟ್ಟಲೆ ಮುಷ್ಕರ ಹೂಡಿದರು. ಬಹುಪಾಲು ದಲಿತ ಕುಟುಂಬಗಳಿಂದ, ತಮಿಳು ಮತ್ತು ತೆಲುಗು ಸೀಮೆಯಿಂದ ಬಂದು ತಟ್ಟಿ ಮನೆಗಳಲ್ಲಿ ಬಾಳುತ್ತಿದ್ದ ಜನ ಅವರು. ಒಂದು ದಿನದ ಕೂಲಿ ಬಿಡುವುದೂ ಅವರಿಗೆ ಸಣ್ಣ ಮಾತಾಗಿರಲಿಲ್ಲ. ಆದರೂ ತಮ್ಮನ್ನು ಕಳ್ಳರಂತೆ ಗುರುತು ಹಾಕುವುದನ್ನು ಅವರು ಒಪ್ಪಲಿಲ್ಲ. ಈ ನಿರ್ಣಯದಲ್ಲಿ ಲಾಭ ನಷ್ಟದ ಎಣಿಕೆ ತಪ್ಪಿದೆ ಎಂದು ಯಾವ ಸಿದ್ಧಾಂತ ಹೇಳಿದರೂ ಕೊರತೆ ಇರುವುದು ಆ ಸಿದ್ಧಾಂತದಲ್ಲಿ. ಮಾನಕ್ಕೂ ಬೆಲೆಯಿದೆ, ಇಂದು ತಲೆಬಾಗಿದರೆ ನಾಳೆ ಇನ್ನೂ ಬಾಗಿಸುತ್ತಾರೆ ಎಂಬ ಮುಂದಾಲೋಚನೆಯೂ ಆ ತಿರಸ್ಕಾರದಲ್ಲಿದೆ.

ಕಾರಣ ಕೇಳುವ ಪ್ರಾಣಿ

ಒಂಟಿಯಾಗಿ ಕೂತು ಆರಿಸುವ ಕ್ಷಣದಲ್ಲಿ ಮನುಷ್ಯ ಉಳಿದ ಪ್ರಾಣಿಗಳಿಗಿಂತ ಬಹಳ ಮೇಲೇನೂ ಇಲ್ಲ. ಅವನ ಹೆಚ್ಚುಗಾರಿಕೆ ಬೇರೆಡೆ ಇದೆ: ತೀರ್ಮಾನಕ್ಕೆ ಕಾರಣ ಕೊಡುವುದು, ಇನ್ನೊಬ್ಬರ ಕಾರಣವನ್ನು ಪ್ರಶ್ನಿಸುವುದು, ಎರಡನ್ನೂ ಬರೆದಿಟ್ಟು ಮುಂದಿನವರಿಗೆ ದಾಟಿಸುವುದು. ಹ್ಯೂಗೊ ಮೆರ್ಸಿಯೆ ಮತ್ತು ಡಾನ್ ಸ್ಪರ್ಬರ್ 2011ರಲ್ಲಿ ವಿಚಾರಶಕ್ತಿ ಬೆಳೆದದ್ದೇ ವಾದ ಸಂವಾದಕ್ಕಾಗಿ ಎಂಬ ನಿಲುವನ್ನು ಮಂಡಿಸಿದರು. ತನ್ನ ವಾದದ ಹುಳುಕು ತನಗೆ ಕಾಣದು, ಎದುರಿನವನಿಗೆ ಬೇಗ ಕಾಣುತ್ತದೆ. ಆಗಿನ ಕೋಲಾರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನವರಾದ ಎಚ್. ನರಸಿಂಹಯ್ಯ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳ ಪರೀಕ್ಷೆಗೆ ಸಮಿತಿ ರಚಿಸಿದ್ದು ಈ ಪ್ರಶ್ನಿಸುವ ಗುಣವನ್ನು ಸಾರ್ವಜನಿಕ ಬದುಕಿಗೆ ತಂದ ಯತ್ನ.

ಕೆಜಿಎಫ್‌ನ ಆಳದಲ್ಲೂ ಇದಕ್ಕೆ ನಿದರ್ಶನವಿದೆ. ಚಾಂಪಿಯನ್ ರೀಫ್ ಗಣಿಯಲ್ಲಿ ಸುಮಾರು 2.3 ಕಿಲೋಮೀಟರ್ ಕೆಳಗೆ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ಮತ್ತು ಇಂಗ್ಲೆಂಡಿನ ಡರಮ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು 1965ರಲ್ಲಿ ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತು ಹಿಡಿದರು. 1980ರ ದಶಕದಲ್ಲಿ ಪ್ರೋಟಾನ್ ಒಡೆಯುವುದನ್ನು ಹುಡುಕುವ ಪ್ರಯೋಗ ಇಲ್ಲಿಯೇ ನಡೆಯಿತು. ಒಡೆದಿರಬಹುದಾದ ಕೆಲವು ಘಟನೆಗಳು ಕಂಡಿವೆ ಎಂದು ಸಂಶೋಧಕರು ವರದಿ ಮಾಡಿದರು. ಅಮೆರಿಕ ಮತ್ತು ಜಪಾನಿನ ಇನ್ನೂ ದೊಡ್ಡ ಉಪಕರಣಗಳಿಗೆ ಅದು ಕಾಣಲಿಲ್ಲ. ವಿಜ್ಞಾನಲೋಕ ಅದನ್ನು ಸಾಬೀತಾದದ್ದೆಂದು ಒಪ್ಪಲಿಲ್ಲ. ಹುಡುಕಿದವರಿಗೂ ಒಪ್ಪದವರಿಗೂ ಇದರಿಂದ ಅವಮಾನವಿಲ್ಲ. ಒಬ್ಬರ ನಿರೀಕ್ಷೆಯನ್ನು ಇನ್ನೊಬ್ಬರ ಅಳತೆ ತಿದ್ದುವ ಈ ಏರ್ಪಾಟು ಮನುಷ್ಯನ ವಿವೇಚನೆಯ ಅತ್ಯುತ್ತಮ ರೂಪ. ಇನ್ನೊಂದು ಬೇಹಿನ ಹುಳು ಹೇಳಿದ ಜಾಗವನ್ನು ತಾನೇ ಹೋಗಿ ನೋಡುವ ಜೇನಿನಲ್ಲಿ ಇದರ ಬೀಜ ಕಾಣುತ್ತದೆ. ದೇಶ, ತಲೆಮಾರು ದಾಟಿ ಅದನ್ನು ನಡೆಸಿದವನು ಮನುಷ್ಯ ಒಬ್ಬನೇ.

ಮುಂದಿನವರ ಹೊರೆ

ಈ ಹೆಚ್ಚುಗಾರಿಕೆಗೆ ಕರಾಳ ಬದಿಯೂ ಇದೆ. ತನ್ನ ಆಯ್ಕೆಯ ಬೆಲೆಯನ್ನು ಇನ್ನೂ ಹುಟ್ಟದವರ ತಲೆಗೆ ಕಟ್ಟುವ ಶಕ್ತಿ ಈ ಪ್ರಮಾಣದಲ್ಲಿ ಬೇರೆ ಯಾವ ಪ್ರಾಣಿಗೂ ಇಲ್ಲ. ರಾಗಿ ಹೊಲಕ್ಕೆ ಇಳಿದ ಸಲಗದ ತಪ್ಪಿಗೆ ಸಲಗವೇ ಆ ರಾತ್ರಿಯೇ ಬೆಲೆ ತೆರುತ್ತದೆ. ಕೆಜಿಎಫ್‌ನಲ್ಲಿ 800 ಟನ್ನಿನಷ್ಟು ಚಿನ್ನ ಹೊರಟುಹೋಗಿ, ಅದಿರು ಅರೆದು ಸಯನೈಡಿನಿಂದ ಚಿನ್ನ ತೆಗೆದ ಮೇಲೆ ಉಳಿದ ಪುಡಿ 13 ದಿಬ್ಬಗಳಾಗಿ ನಿಂತಿದೆ. ಊರಿನವರು ಸಯನೈಡ್ ಗುಡ್ಡ ಎನ್ನುವ ಈ ದಿಬ್ಬಗಳ ಧೂಳು ಗಾಳಿ ಎದ್ದಾಗ ಮನೆ, ಅಡುಗೆ, ಶ್ವಾಸಕೋಶ ಸೇರುತ್ತದೆ. ಚಿನ್ನದ ಲಾಭ ಪಡೆದವರೂ ಧೂಳು ಉಸಿರಾಡುವವರೂ ಬೇರೆ ಬೇರೆ. 2024ರ ಜೂನಿನಲ್ಲಿ ಕರ್ನಾಟಕ ಸಚಿವ ಸಂಪುಟ ಈ ದಿಬ್ಬಗಳಿಂದ ಉಳಿದ ಖನಿಜ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿದೆ.

ಇದು ವಿವೇಚನೆಯ ನಿರ್ಣಯವೇ ಎಂದು ತೀರ್ಮಾನಿಸಲು ಟನ್ನಿಗೆ ಎಷ್ಟು ಗ್ರಾಂ ಎಂಬ ಲೆಕ್ಕ ಸಾಲದು. ದಿಬ್ಬ ಕೆದಕಿದಾಗ ಏಳುವ ಧೂಳು, ಬಳಸುವ ನೀರು, ಕೆಲಸ ಯಾರಿಗೆ, ಉಳಿದ ಮಣ್ಣಿನ ಗತಿಯೇನು ಎಂಬುದನ್ನೂ ಕೇಳಬೇಕು. ಅದನ್ನು ಕೇಳುವವರಲ್ಲಿ ದಿಬ್ಬದ ಬುಡದಲ್ಲಿ ಬದುಕುವವರು ಇರಲೇಬೇಕು. ಬಂಗಾರಪೇಟೆಯ ಆನೆ ಬೇಲಿಗೂ, ಕೋಲಾರದ ಟೊಮ್ಯಾಟೊ ಬೆಲೆಗೂ ಇದೇ ಮಾತು ಸಲ್ಲುತ್ತದೆ. ಆಯ್ಕೆಯ ಬೆಲೆ ತೆರುವವರ ಮಾತು ಲೆಕ್ಕಕ್ಕೆ ಬಾರದ ಕಡೆ, ಎಷ್ಟೇ ಅಂಕಿ ಅಂಶ ಜೋಡಿಸಿದರೂ ಅದು ಪೂರ್ಣ ವಿವೇಚನೆ ಆಗುವುದಿಲ್ಲ. ಕಾರಣ ಕೇಳಿಸಿಕೊಂಡು ತೀರ್ಮಾನವನ್ನು ತಿದ್ದಿಕೊಳ್ಳುವಷ್ಟರ ಮಟ್ಟಿಗೆ ಮಾತ್ರ ಮನುಷ್ಯ ಇತರ ಪ್ರಾಣಿಗಳಿಗಿಂತ ಹೆಚ್ಚು ವಿವೇಚನಾಶೀಲ.